ವಿಂಡೋಸ್, ಮ್ಯಾಕ್, ಲಿನಕ್ಸ್: ಇನ್ನೂ ಬಾರದ ಸೌಲಭ್ಯಗಳ ಜಗಳ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ಕೊಡುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಅರೇಬಿಕಾ ಕೊಯ್ಲಿಗೆ ತಯಾರಿ ನಡೆಯುವ ಹೊತ್ತಿನಲ್ಲಿ ಬಂದ ಈ ಗಡುವಿನಿಂದಾಗಿ ಚಿಕ್ಕಮಗಳೂರಿನ ತೋಟದ ಆಫೀಸುಗಳಲ್ಲಿ, ಪ್ರೆಸ್ಸುಗಳಲ್ಲಿ, ಐ.ಜಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಹಳೆಯ ವಾದವೊಂದು ಮತ್ತೆ ತಲೆಯೆತ್ತಿದೆ: ವಿಂಡೋಸ್ 11ಕ್ಕೆ ಹೋಗಬೇಕೋ, ಮ್ಯಾಕ್ ಕೊಳ್ಳಬೇಕೋ, ಇದ್ದ ಯಂತ್ರಕ್ಕೇ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಬೇಕೋ? ತೋಟಗಳ ಲೆಕ್ಕ ಬರೆಯುವುದು ನನ್ನ ಕಸುಬಾದ್ದರಿಂದ ಈ ಪ್ರಶ್ನೆಯನ್ನು ನನ್ನ ಬಳಿಗೂ ಬಹಳ ಜನ ತರುತ್ತಾರೆ. ಅವರ ಮಾತಿನಲ್ಲಿ ನನಗೆ ಎದ್ದು ಕಾಣುವ ಸಂಗತಿಯೆಂದರೆ, ಯಾವ ಪಕ್ಷದವರೇ ಆಗಲಿ, ತಮ್ಮ ವ್ಯವಸ್ಥೆ ಇವತ್ತು ಏನು ಮಾಡುತ್ತದೆ ಎಂಬುದಕ್ಕಿಂತ ಮುಂದಿನ ಆವೃತ್ತಿಯಲ್ಲಿ ಏನು ಬರಲಿದೆ ಎಂಬುದನ್ನೇ ಹೆಚ್ಚು ಹೇಳುತ್ತಾರೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ಆಪರೇಟಿಂಗ್ ಸಿಸ್ಟಮ್‌ಗಳನ್ನು, ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಗಳನ್ನು, ಹೋಲಿಸುವಾಗ ಇನ್ನೂ ಬಿಡುಗಡೆಯಾಗದ ಸೌಲಭ್ಯಕ್ಕೆ ಒಂದು ಅಂಕವನ್ನೂ ಕೊಡಬಾರದು. ಏಕೆಂದರೆ ಇಂಥ ಘೋಷಣೆಗಳಿಗೆ ಮಾಹಿತಿ ಕೊಡುವುದರ ಜೊತೆಗೆ ಇನ್ನೊಂದು ಕೆಲಸವೂ ಇದೆ. ಎದುರಾಳಿಯ ಸರಕು ಇವತ್ತೇ ಸಿದ್ಧವಾಗಿದ್ದರೂ ಗಿರಾಕಿ ಅದನ್ನು ಕೊಳ್ಳದೆ ಕಾಯುವಂತೆ ಮಾಡುವ ಶಕ್ತಿ ಅವಕ್ಕಿದೆ, ಮತ್ತು ಕಳೆದ ಮೂರು ದಶಕಗಳಲ್ಲಿ ಆ ಶಕ್ತಿಯನ್ನು ದೊಡ್ಡ ಸಂಸ್ಥೆಗಳೆಲ್ಲವೂ ಬಳಸಿವೆ.

1992ರಲ್ಲಿ ಐಬಿಎಂ ಸಂಸ್ಥೆ ಓಎಸ್/2 ಎಂಬ ತನ್ನ ಆಪರೇಟಿಂಗ್ ಸಿಸ್ಟಮ್‌ನ ಎರಡನೆಯ ಆವೃತ್ತಿಯನ್ನು ಬಿಡುಗಡೆ ಮಾಡಿ, ಇದು ಡಾಸ್‌ಗಿಂತ ಉತ್ತಮ ಡಾಸ್, ವಿಂಡೋಸ್‌ಗಿಂತ ಉತ್ತಮ ವಿಂಡೋಸ್ ಎಂದು ಪ್ರಚಾರ ಮಾಡಿತು. 32 ಬಿಟ್‌ನ ಆ ವ್ಯವಸ್ಥೆಯಲ್ಲಿ ವಿಂಡೋಸ್‌ನ ಪ್ರೋಗ್ರಾಂಗಳೂ ಓಡುತ್ತಿದ್ದವು. ಮೈಕ್ರೋಸಾಫ್ಟ್ ಬಳಿ ಅದಕ್ಕೆ ಸರಿಸಮನಾದದ್ದು ಮನೆ ಬಳಕೆಯ ಯಂತ್ರಗಳಿಗೆ ಆಗ ಇರಲಿಲ್ಲ. ಇದ್ದದ್ದು ಶಿಕಾಗೋ ಎಂಬ ಸಂಕೇತನಾಮ ಮತ್ತು ಅದರ ಸುತ್ತಲಿನ ನಿರೀಕ್ಷೆ. ಆ ಶಿಕಾಗೋ ವಿಂಡೋಸ್ 95 ಎಂಬ ಹೆಸರಿನಲ್ಲಿ ಹೊರಬಂದದ್ದು 1995ರ ಆಗಸ್ಟ್ 24ರಂದು. ಐಬಿಎಂ ಸೋಲಿಗೆ ಬೇರೆ ಕಾರಣಗಳೂ ಇದ್ದವು ಎಂಬುದನ್ನು ನಾನು ಒಪ್ಪುತ್ತೇನೆ. ಆದರೂ ಕೈಯಲ್ಲಿ ಹಿಡಿದು ನೋಡಬಹುದಾಗಿದ್ದ ವ್ಯವಸ್ಥೆಯೊಂದು ಮುಂದೆ ಬರಲಿರುವ ವ್ಯವಸ್ಥೆಯ ಎದುರು ಮೂರು ವರ್ಷ ಹೋರಾಡಬೇಕಾಯಿತು ಎಂಬುದು ಸಣ್ಣ ಮಾತಲ್ಲ.

ಲಾಂಗ್‌ಹಾರ್ನ್‌ನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ವಿಂಡೋಸ್ ಎಕ್ಸ್‌ಪಿ 2001ರ ಅಕ್ಟೋಬರ್‌ನಲ್ಲಿ ಬಂದಿತ್ತು. ಲಾಂಗ್‌ಹಾರ್ನ್ ಎಂಬ ಸಂಕೇತನಾಮದ ಅದರ ಮುಂದಿನ ಆವೃತ್ತಿಯನ್ನು ಮೈಕ್ರೋಸಾಫ್ಟ್ 2003ರ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸ್‌ನ ಸಮ್ಮೇಳನವೊಂದರಲ್ಲಿ ಡೆವಲಪರ್‌ಗಳ ಮುಂದಿಟ್ಟಿತು. ಅದರ ಮುಖ್ಯ ಆಕರ್ಷಣೆಗಳಲ್ಲಿ ವಿನ್‌ಎಫ್‌ಎಸ್ ಒಂದು. ನಾವು ಇಂದಿಗೂ ಕಡತವೊಂದು ಯಾವ ಫೋಲ್ಡರಿನಲ್ಲಿದೆ ಎಂದು ನೆನಪಿಟ್ಟುಕೊಂಡು ಹುಡುಕುತ್ತೇವಲ್ಲ, ಆ ಪದ್ಧತಿಯ ಬದಲಿಗೆ ಪತ್ರ, ಫೋಟೋ, ವಿಳಾಸ ಎಲ್ಲವನ್ನೂ ಡೇಟಾಬೇಸಿನಂತೆ ಅವುಗಳ ಪರಸ್ಪರ ಸಂಬಂಧಗಳ ಸಮೇತ ಇಟ್ಟುಕೊಂಡು, ಯಾರು ಕಳಿಸಿದ್ದು, ಯಾವ ಊರಿನದು, ಯಾವ ವಿಷಯದ್ದು ಎಂದು ಕೇಳಿದರೆ ಎತ್ತಿಕೊಡುವ ವ್ಯವಸ್ಥೆ ಅದಾಗಬೇಕಿತ್ತು. ಒಂದೇ ತೋಟದ ಕೂಲಿ ಲೆಕ್ಕ, ಗೊಬ್ಬರದ ಬಿಲ್ಲು, ಕ್ಯೂರಿಂಗ್ ವರ್ಕ್ಸ್‌ನ ರಸೀದಿಗಳನ್ನು ಬೇರೆ ಬೇರೆ ಕಡೆ ಹುಡುಕುವ ನನಗೆ ಆ ಕಲ್ಪನೆ ಇಂದಿಗೂ ಸುಂದರವಾಗಿ ಕಾಣುತ್ತದೆ. 2004ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಅದನ್ನು ಲಾಂಗ್‌ಹಾರ್ನ್‌ನಿಂದ ಕೈಬಿಟ್ಟಿತು. 2006ರಲ್ಲಿ ಪ್ರತ್ಯೇಕ ಉತ್ಪನ್ನವಾಗಿಯೂ ಅದು ಬರುವುದಿಲ್ಲವೆಂದು ತಿಳಿಸಿತು. ವಿಸ್ಟಾ ಎಂಬ ಹೆಸರು ಹೊತ್ತು ಜನಸಾಮಾನ್ಯರಿಗೆ ಆ ಆವೃತ್ತಿ ಸಿಕ್ಕಿದ್ದು 2007ರ ಜನವರಿ 30ರಂದು, ಅಂದರೆ ಎಕ್ಸ್‌ಪಿ ಬಂದು ಐದು ವರ್ಷ ದಾಟಿದ ಮೇಲೆ. ಈ ನಡುವೆ ಆಪಲ್ ಸುಮ್ಮನಿರಲಿಲ್ಲ. 2004ರ ತನ್ನ ಸಮ್ಮೇಳನದಲ್ಲಿ, ಮೈಕ್ರೋಸಾಫ್ಟ್‌ನ ಕೇಂದ್ರ ಕಚೇರಿಯಿರುವ ಊರನ್ನು ಹೆಸರಿಸಿ, ರೆಡ್ಮಂಡ್‌ನವರೇ, ನಿಮ್ಮ ನಕಲು ಯಂತ್ರಗಳನ್ನು ಚಾಲೂ ಮಾಡಿಕೊಳ್ಳಿ ಎಂಬ ಅರ್ಥದ ಬ್ಯಾನರ್ ಕಟ್ಟಿತು, ಮತ್ತು 2005ರ ಏಪ್ರಿಲ್‌ನಲ್ಲಿ ಮ್ಯಾಕ್‌ನ ಟೈಗರ್ ಆವೃತ್ತಿಯೊಂದಿಗೆ ಸ್ಪಾಟ್‌ಲೈಟ್ ಹುಡುಕಾಟವನ್ನು ಬಳಕೆದಾರರ ಕೈಗೆ ಕೊಟ್ಟಿತು. ಸ್ಪಾಟ್‌ಲೈಟ್ ವಿನ್‌ಎಫ್‌ಎಸ್‌ನಷ್ಟು ಮಹತ್ವಾಕಾಂಕ್ಷೆಯದಾಗಿರಲಿಲ್ಲ. ಆದರೆ ಅದು ಇತ್ತು.

ಹಾಗೆಂದು ಆಪಲ್ ಈ ವಿಷಯದಲ್ಲಿ ಶುದ್ಧಹಸ್ತವೇನಲ್ಲ. ಒಂದು ಪ್ರೋಗ್ರಾಂ ಕೆಟ್ಟರೆ ಇಡೀ ಯಂತ್ರವೇ ನಿಂತುಹೋಗುತ್ತಿದ್ದ ಹಳೆಯ ಮ್ಯಾಕ್ ವ್ಯವಸ್ಥೆಗೆ ಪರಿಹಾರವಾಗಿ ಅದು ಕೋಪ್ಲಂಡ್ ಎಂಬ ಯೋಜನೆಯನ್ನು ಮುಂದೊಡ್ಡಿ, 1996ರ ಆಗಸ್ಟ್‌ನಲ್ಲಿ ಕೈಬಿಟ್ಟಿತು. ಅದೇ ಡಿಸೆಂಬರ್‌ನಲ್ಲಿ ನೆಕ್ಸ್ಟ್ ಸಂಸ್ಥೆಯನ್ನು ಕೊಳ್ಳುವುದಾಗಿ ಪ್ರಕಟಿಸಬೇಕಾಯಿತು. ನೆಕ್ಸ್ಟ್‌ನ ತಂತ್ರಾಂಶದ ಮೇಲೆ ಕಟ್ಟಿದ ಮ್ಯಾಕ್ ಓಎಸ್ ಟೆನ್ 2001ರ ಮಾರ್ಚ್‌ನಲ್ಲಿ ಬಂದಿತು. ಮ್ಯಾಕ್ ಅಭಿಮಾನಿಗಳು ವಿಸ್ಟಾದ ಕಥೆಯನ್ನು ಹೇಳುವಾಗ ಇದನ್ನು ಬಿಟ್ಟು ಹೇಳುವುದು ನ್ಯಾಯವಲ್ಲ.

ಈಗಿನ ಪೈಪೋಟಿ ಕೃತಕ ಬುದ್ಧಿಮತ್ತೆಯ ಹೆಸರಿನಲ್ಲಿ ನಡೆಯುತ್ತಿದೆ, ಮತ್ತು ರೀತಿ ಸ್ವಲ್ಪವೂ ಬದಲಾಗಿಲ್ಲ. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಕೋಪೈಲಟ್ ಪ್ಲಸ್ ಎಂಬ ಹೊಸ ವರ್ಗದ ಕಂಪ್ಯೂಟರುಗಳನ್ನು ಘೋಷಿಸಿ, ಪರದೆಯ ಚಿತ್ರಗಳನ್ನು ಆಗಾಗ ತೆಗೆದಿಟ್ಟುಕೊಂಡು ಬೇಕಾದಾಗ ಹುಡುಕಿಕೊಡುವ ರೀಕಾಲ್ ಸೌಲಭ್ಯವನ್ನು ಅವುಗಳ ದೊಡ್ಡ ಆಕರ್ಷಣೆಯಾಗಿ ತೋರಿಸಿತು. ಆ ಸಂಗ್ರಹಕ್ಕೆ ಸಾಕಷ್ಟು ರಕ್ಷಣೆಯಿಲ್ಲ ಎಂದು ಭದ್ರತಾ ತಜ್ಞರು ಎತ್ತಿ ತೋರಿಸಿದ ಮೇಲೆ ಜೂನ್‌ನ ಬಿಡುಗಡೆಯಿಂದ ಅದನ್ನು ಹಿಂತೆಗೆದು, ಬದಲಾವಣೆಗಳೊಂದಿಗೆ 2025ರ ಏಪ್ರಿಲ್‌ನಲ್ಲಿ ಕೊಟ್ಟಿತು. ಯಂತ್ರಗಳ ಮಾರಾಟ ಮಾತ್ರ 2024ರ ಜೂನ್‌ನಲ್ಲೇ ಆರಂಭವಾಗಿತ್ತು. ಆಪಲ್ ಕೂಡ 2024ರ ಜೂನ್‌ನಲ್ಲಿ, ನಮ್ಮ ಸಂದೇಶ ಮತ್ತು ಮೇಲ್‌ಗಳ ಸಂದರ್ಭವನ್ನು ಅರಿತು ಉತ್ತರಿಸುವ, ಸಿರಿ ಎಂಬ ತನ್ನ ಧ್ವನಿ ಸಹಾಯಕವನ್ನು ತೋರಿಸಿತು. ಹೊಸ ಐಫೋನ್‌ನ ಜಾಹೀರಾತಿನಲ್ಲೂ ಅದನ್ನು ಬಳಸಿತು. 2025ರ ಮಾರ್ಚ್‌ನಲ್ಲಿ ಅದು ತಡವಾಗುತ್ತದೆ ಎಂದು ತಿಳಿಸಿತು. ಕೊಟ್ಟ ಮಾತು ಈಡೇರಿದ ಮೇಲೂ ನಿಶ್ಚಿಂತೆಯಿಲ್ಲ. ವಿಂಡೋಸ್ 11ರಲ್ಲಿ ಆಂಡ್ರಾಯ್ಡ್ ಆ್ಯಪ್‌ಗಳು ಓಡುತ್ತವೆ ಎಂದು 2021ರಲ್ಲಿ ದೊಡ್ಡದಾಗಿ ಸಾರಲಾಗಿತ್ತು. ಆ ಸೌಲಭ್ಯ ಬಂದಿತು, ಮತ್ತು 2025ರ ಮಾರ್ಚ್‌ನಲ್ಲಿ ಅದಕ್ಕೆ ಬೆಂಬಲ ನಿಂತಿತು. ಅಷ್ಟೇಕೆ, ವಿಂಡೋಸ್ 10 ವಿಂಡೋಸ್‌ನ ಕೊನೆಯ ಆವೃತ್ತಿ ಎಂದು 2015ರಲ್ಲಿ ಮೈಕ್ರೋಸಾಫ್ಟ್‌ನ ಉದ್ಯೋಗಿಯೊಬ್ಬರು ಆ ಸಂಸ್ಥೆಯ ಸಮ್ಮೇಳನದ ವೇದಿಕೆಯಲ್ಲೇ ಹೇಳಿದ್ದರು. ಆ ಮಾತನ್ನು ನಂಬಿ ಯಂತ್ರ ಕೊಂಡವರು ಈಗ ಅದೇ ವಿಂಡೋಸ್ 10ರ ಗಡುವಿನ ಬಗ್ಗೆ ಚಿಂತಿಸುತ್ತಿದ್ದಾರೆ.

ಲಿನಕ್ಸ್ ಬಳಗದ ಮೇಲೆ ನನಗೆ ಗೌರವ ಹೆಚ್ಚು, ಮತ್ತು ಅದಕ್ಕೆ ಕಾರಣ ಅದರ ಹುಟ್ಟಿನಲ್ಲೇ ಇದೆ. 1991ರ ಆಗಸ್ಟ್ 25ರಂದು ಲಿನಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ತನ್ನ ಕೆಲಸವನ್ನು ಜಗತ್ತಿಗೆ ತಿಳಿಸುವಾಗ, ಇದು ಬರೀ ಹವ್ಯಾಸ, ದೊಡ್ಡದೇನೂ ಆಗುವುದಿಲ್ಲ ಎಂದು ಬರೆದ. ಸಲಹೆಗಳಿಗೆ ಸ್ವಾಗತ, ಆದರೆ ಅವನ್ನು ಜಾರಿಗೆ ತರುತ್ತೇನೆಂದು ಮಾತು ಕೊಡಲಾರೆ ಎಂದೂ ಸೇರಿಸಿದ. ಅದಕ್ಕೆ ಒಂದು ವರ್ಷ ಮೊದಲೇ ಇನ್ನೂ ಉತ್ತಮ ವಿನ್ಯಾಸದ ಗುರಿಯೊಂದಿಗೆ ಆರಂಭವಾಗಿದ್ದ, ಗ್ನೂ ಹರ್ಡ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಯೋಜನೆ ಜನಸಾಮಾನ್ಯರ ದಿನಬಳಕೆಗೆ ಬರಲೇ ಇಲ್ಲ. ಆದರೆ ಈಚಿನ ಲಿನಕ್ಸ್ ಪ್ರಚಾರಕರಲ್ಲಿ ಆ ಸಂಯಮ ಕಾಣುವುದಿಲ್ಲ. ಫೋನನ್ನೇ ಪರದೆಗೆ ಜೋಡಿಸಿದರೆ ಪೂರ್ಣ ಕಂಪ್ಯೂಟರ್ ಆಗುತ್ತದೆ ಎಂಬ ಕನಸನ್ನು ಲಿನಕ್ಸ್‌ನ ಒಂದು ರೂಪವಾದ ಉಬುಂಟು 2013ರಲ್ಲಿ ಎಡ್ಜ್ ಫೋನಿನ ನಿಧಿಸಂಗ್ರಹದೊಂದಿಗೆ ಜನರ ಮುಂದಿಟ್ಟು, 2017ರಲ್ಲಿ ಇಡೀ ಯೋಜನೆಯನ್ನು ಮುಚ್ಚಿತು. ಈ ವರ್ಷವೇ ಲಿನಕ್ಸ್ ಡೆಸ್ಕ್‌ಟಾಪಿನ ವರ್ಷ ಎಂಬ ಮಾತನ್ನಂತೂ ಎಷ್ಟೋ ವರ್ಷಗಳಿಂದ ಕೇಳುತ್ತ ಬಂದಿದ್ದೇವೆ.

ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ವಾರವೇ ಮೂಟೆಗಳ ಲೆಕ್ಕ ಬರೆದು ಸಾಲ ತೀರಿಸುವ ಬೆಳೆಗಾರ ನಮ್ಮ ಜಿಲ್ಲೆಯಲ್ಲಿ ಸಿಗಲಾರ. ಕಾಯಿ ಕಚ್ಚಬೇಕು, ಆಷಾಢದ ಮಳೆಗೆ ಉದುರದೆ ಉಳಿಯಬೇಕು, ಕೊಯ್ಲಿಗೆ ಆಳು ಸಿಗಬೇಕು, ಕಣದಲ್ಲಿ ಒಣಗಬೇಕು ಎಂದು ತಿಳಿದ ಜನ ನಾವು. ಅಂಥವರೇ ಕಂಪ್ಯೂಟರ್ ಅಂಗಡಿಯಲ್ಲಿ ಮುಂದಿನ ಅಪ್‌ಡೇಟಿನಲ್ಲಿ ಬರುತ್ತದೆ ಸರ್ ಎಂಬ ಒಂದು ಮಾತಿಗೆ ಹೆಚ್ಚಿನ ಬೆಲೆ ಕೊಟ್ಟು ಬರುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಕನ್ನಡಿಗರಿಗೆ ಈ ಕಾಯುವಿಕೆಯ ಬೆಲೆ ಇನ್ನೂ ಚೆನ್ನಾಗಿ ಗೊತ್ತಿರಬೇಕು. ಎಲ್ಲ ಲಿಪಿಗಳ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಸಂಕೇತ ಕೊಡುವ ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಲಿಪಿಗೆ ಸ್ಥಾನವಿತ್ತು. ಆದರೆ ಸ್ಥಾನ ಸಿಕ್ಕಿದರೆ ಸಾಲದು. ವ್ಯಂಜನದ ಕೆಳಗೆ ಒತ್ತು ಕೂರಿಸುವ, ಅರ್ಕಾವೊತ್ತನ್ನು ಮುಂದಕ್ಕೆ ಸರಿಸುವ, ಗುಣಿತವನ್ನು ಸರಿಯಾಗಿ ಜೋಡಿಸುವ ಕೆಲಸವನ್ನು ಆಪರೇಟಿಂಗ್ ಸಿಸ್ಟಮ್ ಮಾಡಬೇಕು. ವಿಂಡೋಸ್‌ನಲ್ಲಿ ಅದು ತುಂಗಾ ಅಕ್ಷರಶೈಲಿಯೊಂದಿಗೆ ಎಕ್ಸ್‌ಪಿಯಲ್ಲಿ ಬಂದಿತು. ಐಫೋನಿನ ಸ್ವಂತ ಕನ್ನಡ ಕೀಲಿಮಣೆಗೆ 2017ರವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ನಮ್ಮ ಕೆಲಸ ನಡೆಸಿಕೊಟ್ಟದ್ದು ಯಾವ ಸಂಸ್ಥೆಯ ಆಶ್ವಾಸನೆಯೂ ಅಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ಬರಹ ತಂತ್ರಾಂಶ, ಕನ್ನಡ ಗಣಕ ಪರಿಷತ್ತಿನ ನುಡಿ ಇವೇ ನಮ್ಮ ಪ್ರೆಸ್ಸುಗಳನ್ನೂ ಕಚೇರಿಗಳನ್ನೂ ನಡೆಸಿದವು. ಅದರ ಇನ್ನೊಂದು ಮುಖವನ್ನೂ ಹೇಳಬೇಕು: ಆ ಕಾಲದ ಅಕ್ಷರಶೈಲಿಗಳು ಯೂನಿಕೋಡ್ ಅಲ್ಲದ್ದರಿಂದ, ಆಗ ಟೈಪ್ ಮಾಡಿದ ಕಡತಗಳು ಅದೇ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ಹಳೆಯ ಕರಾರುಪತ್ರಗಳು, ಸಂಘಗಳ ನಡಾವಳಿಗಳು, ಆಮಂತ್ರಣ ಪತ್ರಿಕೆಗಳು ಹೀಗೆ ಸಿಕ್ಕಿಕೊಂಡಿವೆ. ಇವತ್ತಿನ ಬುದ್ಧಿವಂತ ಸೌಲಭ್ಯಗಳಲ್ಲೂ ನಮ್ಮ ಸರದಿ ಹಿಂದೆಯೇ ಇದೆ. ಆಪಲ್ ತನ್ನ ಇಂಟೆಲಿಜೆನ್ಸ್ ಸೌಲಭ್ಯಗಳನ್ನು 2025ರ ಏಪ್ರಿಲ್‌ ಹೊತ್ತಿಗೆ ಹೊಸ ಭಾಷೆಗಳಿಗೆ ವಿಸ್ತರಿಸಿದಾಗ ಭಾರತದ ಪಾಲಿಗೆ ಬಂದದ್ದು ಇಂಗ್ಲಿಷ್. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ.

ನಮ್ಮನ್ನು ಒಂದು ವ್ಯವಸ್ಥೆಗೆ ಕಟ್ಟಿಹಾಕಿರುವುದು ಭವಿಷ್ಯದ ಯಾವ ಸೌಲಭ್ಯವೂ ಅಲ್ಲ ಎಂಬುದನ್ನೂ ಗಮನಿಸಬೇಕು. ನನ್ನ ಲೆಕ್ಕದ ಕೆಲಸ ಟ್ಯಾಲಿಯಲ್ಲಿ ನಡೆಯುತ್ತದೆ, ಮತ್ತು ಟ್ಯಾಲಿ ವಿಂಡೋಸ್‌ಗಾಗಿಯೇ ತಯಾರಾದ ತಂತ್ರಾಂಶ. ಪ್ರೆಸ್ಸಿನವರಿಗೆ ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್‌ನ ಹಳೆಯ ಕಡತಗಳನ್ನು ಬಿಡಲಾಗುವುದಿಲ್ಲ. ಲಿನಕ್ಸ್ ಎಷ್ಟೇ ಚೆನ್ನಾಗಿದ್ದರೂ ಈ ಮಂದಿ ಅಲ್ಲಿಗೆ ಹೋಗಲಾರರು, ಮತ್ತು ಅವರನ್ನು ಹೀಗಳೆಯುವ ಹಕ್ಕು ಯಾವ ಲಿನಕ್ಸ್ ಪ್ರೇಮಿಗೂ ಇಲ್ಲ.

ಹಾಗಾದರೆ ಏನು ಮಾಡಬೇಕು ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಹೀಗಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಭದ್ರತಾ ಘಟಕ ಬೇಕು. ಇಂಟೆಲ್ ಯಂತ್ರವಾದರೆ, ಕೆಲವು ಅಪವಾದಗಳನ್ನು ಬಿಟ್ಟು, ಎಂಟನೆಯ ಪೀಳಿಗೆಯ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ನಿಮ್ಮದು ಅಂಥದ್ದಾಗಿದ್ದು ಟ್ಯಾಲಿ ಬೇಕಾಗಿದ್ದರೆ ವಿಂಡೋಸ್ 11 ಹಾಕಿಸಿ. ಕೋಪೈಲಟ್ ಎಂಬ ಕೃತಕ ಬುದ್ಧಿಮತ್ತೆಯ ಸಹಾಯಕದ ಚಿಂತೆ ಬೇಡ. ಯಂತ್ರ ಅದಕ್ಕಿಂತ ಹಳೆಯದಾಗಿದ್ದು, ಮಕ್ಕಳ ಓದು, ಮೇಲ್, ಕನ್ನಡ ಬರವಣಿಗೆ ಇಷ್ಟೇ ಕೆಲಸವಾಗಿದ್ದರೆ ಅದನ್ನು ಗುಜರಿಗೆ ಹಾಕಬೇಡಿ. 2024ರ ಏಪ್ರಿಲ್‌ನಲ್ಲಿ ಬಂದ ಉಬುಂಟು 24.04ಕ್ಕೆ ಐದು ವರ್ಷಗಳ ಬೆಂಬಲವಿದೆ, ಮತ್ತು ಅದರಲ್ಲಿ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯನ್ನು ಇವತ್ತೇ ಬಳಸಬಹುದು. ಸೆಕೆಂಡ್ ಹ್ಯಾಂಡ್ ಮ್ಯಾಕ್ ಕೊಳ್ಳುವವರು ಇಂಟೆಲ್ ಪ್ರೊಸೆಸರಿನದ್ದನ್ನು ಕೊಳ್ಳದಿರುವುದು ಒಳ್ಳೆಯದು. ಅಂಥ ಮ್ಯಾಕ್‌ಗಳಿಗೆ ಟಾಹೋ ಕೊನೆಯ ಆವೃತ್ತಿ ಎಂದು ಆಪಲ್ 2025ರಲ್ಲಿ ಹೇಳಿದೆ. ಇತರ ಇಬ್ಬರು ಪ್ರಕಟಿಸುವ ಹಾಗೆ ಆಪಲ್ ಪ್ರತಿ ಆವೃತ್ತಿಯ ಬೆಂಬಲ ಮುಗಿಯುವ ದಿನಾಂಕವನ್ನು ಮುಂಚಿತವಾಗಿ ಪ್ರಕಟಿಸದಿರುವುದನ್ನು ನಾನು ದೊಡ್ಡ ದೋಷವೆಂದೇ ಭಾವಿಸುತ್ತೇನೆ.

ಜಿಲ್ಲೆಯ ಸಹಕಾರ ಸಂಘಗಳು, ಶಾಲಾ ಕಾಲೇಜುಗಳು ಮತ್ತು ಬೆಳೆಗಾರರ ಸಂಘಟನೆಗಳಲ್ಲಿ ಕಂಪ್ಯೂಟರ್ ಖರೀದಿಯ ಹೊಣೆ ಹೊತ್ತ ಸ್ನೇಹಿತರು ಈ ಬರಹವನ್ನು ಓದುತ್ತಿದ್ದರೆ ಅವರಲ್ಲಿ ನನ್ನದೊಂದು ಬೇಡಿಕೆಯಿದೆ. ಕೊಟೇಶನ್ ಕರೆಯುವಾಗ ಮೂರು ಸಂಗತಿಗಳನ್ನು ಲಿಖಿತವಾಗಿ ಕೇಳಿ: ಆಪರೇಟಿಂಗ್ ಸಿಸ್ಟಮ್‌ಗೆ ಭದ್ರತಾ ಅಪ್‌ಡೇಟ್ ಯಾವ ದಿನಾಂಕದವರೆಗೆ ಸಿಗುತ್ತದೆ, ಯೂನಿಕೋಡ್ ಕನ್ನಡವನ್ನು ಯಾವ ಕೀಲಿಮಣೆಯಲ್ಲಿ ಬರೆಯಬಹುದು, ಮತ್ತು ನಿಮ್ಮಲ್ಲಿರುವ ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಸಾಧನಗಳು ಅದರಲ್ಲಿ ನಡೆಯುತ್ತವೆಯೇ. ಸರಬರಾಜಾದ ದಿನ ಸಿಬ್ಬಂದಿಯ ಎದುರು ಮಾಡಿ ತೋರಿಸಲಾಗದ ಯಾವ ಸೌಲಭ್ಯವನ್ನೂ ದರದಲ್ಲಿ ಸೇರಿಸುವಂತಿಲ್ಲ ಎಂಬ ಷರತ್ತನ್ನು ಅದೇ ಕಾಗದದಲ್ಲಿ ನಮೂದಿಸಿ.