ಮುಂಗಾರಿನಲ್ಲಿ ಖಾಲಿ ಇರುವ ಎರೆ ಹೊಲ ಪಾಳು ಬಿದ್ದಿಲ್ಲ

ವಿಜಯಪುರ ಜಿಲ್ಲೆಯ ಎರೆ (ಕಪ್ಪು ಮಣ್ಣಿನ) ಹೊಲಗಳ ಫೋಟೋ ಹಾಕಿ, 'ಮಳೆ ಬಿದ್ದರೂ ಇಲ್ಲಿನ ರೈತರು ಬಿತ್ತಿಲ್ಲ, ಭೂಮಿ ಪಾಳು ಬಿಟ್ಟಿದ್ದಾರೆ' ಎಂಬ ಸಂದೇಶವೊಂದು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಓದಿ ನನಗೆ ಬಹಳ ನೋವಾಯಿತು.

ಆ ಹೊಲಗಳು ಹಿಂಗಾರಿ ಹೊಲಗಳು, ಅಂದರೆ ಮುಂಗಾರು ಮುಗಿಯುವ ಹೊತ್ತಿಗೆ ಬಿತ್ತುವಂಥವು. ಇಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ಅದರಲ್ಲೂ ಸೆಪ್ಟೆಂಬರ್ ಮಳೆಯೇ ಜಾಸ್ತಿ. ಜೂನ್, ಜುಲೈ ಮಳೆಯನ್ನು ನಂಬಿ ಬಿತ್ತಿದರೆ ನಡುವೆ ಮಳೆ ಕೈಕೊಡಬಹುದು. ಆದರೆ ಆಳವಾದ ಎರೆ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ರೈತರು ಮುಂಗಾರಿನಲ್ಲಿ ಕುಂಟೆ ಹೊಡೆದು ಹರಗುತ್ತಾರೆ, ಕಸ ತೆಗೆಯುತ್ತಾರೆ. ಕೆಲವರು ಹೊಲದ ತುಂಬ ಚೌಕು ಮಡಿ ಮಾಡಿ ಬಿದ್ದ ನೀರನ್ನು ಅಲ್ಲೇ ಇಂಗಿಸುತ್ತಾರೆ. ಸುಮ್ನೆ ಕೂತವರು ಮಾಡುವ ಕೆಲಸವೇ ಇದು?

ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಬಿಳಿಜೋಳದ ಬಿತ್ತನೆ. ಮಾಲದಂಡಿ, ಅಂದರೆ ಎಂ 35-1 ಎಂಬ ಜೋಳದ ತಳಿ, ಇಲ್ಲಿ ಮನೆಮಾತು. ಮುಂದೆ ಮಳೆ ಬಾರದಿದ್ದರೂ ನೆಲದ ಹಸಿ ಮತ್ತು ಚಳಿಯ ಮೇಲೆಯೇ ಅದು ತೆನೆ ಹಿಡಿಯುತ್ತದೆ. ಎರೆ ಬಿರುಕು ಬಿಟ್ಟರೆ ಹಸಿ ಆರಿಹೋಗುತ್ತದೆ. ಹಾಗಾಗಿ ಸಾಲುಗಳ ನಡುವೆ ಎಡೆ ಹೊಡೆದು ಬಿರುಕು ಮುಚ್ಚುತ್ತಾರೆ. ಕಡಲೆ, ಕುಸುಬೆಯೂ ಹೀಗೇ ಬೆಳೆಯುತ್ತವೆ.

ಎಲ್ಲ ಹೊಲವೂ ಹಾಗಲ್ಲ, ನಿಜ. ಹಗುರ ಮಣ್ಣಿನ ಮಸಾರಿ ನೆಲದಲ್ಲಿ ಮುಂಗಾರಿಗೇ ಸಜ್ಜೆ ಬಿತ್ತುತ್ತಾರೆ. ಎರೆಯಲ್ಲೂ ಈಗ ಮುಂಗಾರಿಗೆ ತೊಗರಿ ಬಿತ್ತುವವರು ಬಹಳ. ಇಂಡಿ ತಾಲೂಕಿನ ಲಿಂಬೆ, ತಿಕೋಟಾದ ದ್ರಾಕ್ಷಿ ನೀರಾವರಿಯ ಬೇಸಾಯ, ಅದರ ಲೆಕ್ಕವೇ ಬೇರೆ.

ಆ ಸಂದೇಶ ನಿಮಗೂ ಬಂದಿದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ಜನವರಿಯಲ್ಲಿ ಅದೇ ಹೊಲಕ್ಕೆ ಬನ್ನಿ, ಸೀತನಿ (ಸುಟ್ಟ ಎಳೆ ಜೋಳ) ತಿನ್ನೋಣ.