ಕಿಟಕಿ ಇಳಿಸಿದರೆ ತೂಕಡಿಕೆ ದೂರವಾಗುವುದಿಲ್ಲ

ಕಾರು ಓಡಿಸುವಾಗ ‘ತೂಕಡಿಕೆ ಬಂದರೆ ಕಿಟಕಿ ಇಳಿಸಿ, ಹಾಡಿನ ಸದ್ದು ಹೆಚ್ಚಿಸಿ’ ಎಂದು ನಿಮ್ಮ ಲೇಖನ ಕೊಟ್ಟ ಸಲಹೆಯನ್ನು ನಾನು ಒಪ್ಪುವುದಿಲ್ಲ. ತಂಗಾಳಿ ಕೆಲವು ನಿಮಿಷ ಎಚ್ಚರವಾಗಿದ್ದೇವೆಂಬ ಭ್ರಮೆ ಹುಟ್ಟಿಸುತ್ತದೆ, ಅಷ್ಟೇ. ಮೈ ಬೇಡುವ ನಿದ್ದೆ ಬಾಕಿಯೇ ಉಳಿದಿರುತ್ತದೆ. ಗಂಟೆಗೆ 100 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. 4 ಸೆಕೆಂಡು ರೆಪ್ಪೆ ಮುಚ್ಚಿದರೆ ನೂರು ಮೀಟರಿಗೂ ಹೆಚ್ಚು ದೂರ ಅದನ್ನು ಯಾರೂ ಓಡಿಸುತ್ತಿರುವುದಿಲ್ಲ! ನನಗೇ ಹಾಗಾಗಿದೆ. ನಸುಕಿನ ನಾಲ್ಕು ಗಂಟೆ, ಕಿಟಕಿ ತೆರೆದೇ ಇತ್ತು, ಹಾಡೂ ಮೊಳಗುತ್ತಿತ್ತು. ಪಕ್ಕದಲ್ಲಿದ್ದ ತಂಗಿ ಕೂಗಿ ಎಚ್ಚರಿಸದಿದ್ದರೆ ಕಾರು ರಸ್ತೆ ವಿಭಜಕಕ್ಕೆ ಬಡಿಯುತ್ತಿತ್ತು. ಅದಕ್ಕೂ ಮುಂಚಿನ ಕೆಲವು ಕಿಲೋಮೀಟರ್ ಹೇಗೆ ಬಂದೆನೆಂಬುದು ಇಂದಿಗೂ ನೆನಪಿಲ್ಲ.

ದಯವಿಟ್ಟು ಆ ಸಾಲನ್ನು ತಿದ್ದಿ. ಸುರಕ್ಷಿತ ಜಾಗದಲ್ಲಿ ಕಾರು ನಿಲ್ಲಿಸಿ, ಕಾಫಿ ಕುಡಿದು, ಕೂಡಲೇ 15–20 ನಿಮಿಷ ಮಲಗಬೇಕು. ಕೆಫೀನ್ ಮೈಗೆ ಹತ್ತಲು ಸುಮಾರು ಅರ್ಧ ಗಂಟೆ ಬೇಕು. ಹೀಗಾಗಿ ಏಳುವ ಹೊತ್ತಿಗೆ ಎರಡೂ ನೆರವಿಗೆ ಬರುತ್ತವೆ. ಇನ್ನೂ ಹೆಚ್ಚು ಹೊತ್ತು ಮಲಗಿದರೆ, ಎದ್ದ ಮೇಲಿನ ಮಂಪರು ಇಳಿಯುವವರೆಗೆ ಸ್ಟೀರಿಂಗ್ ಮುಟ್ಟಬಾರದು. ಟೈರ್ ಗಾಳಿ ಪರೀಕ್ಷಿಸಿ ಎಂದು ಅದೇ ಲೇಖನದಲ್ಲಿ ಬರೆದದ್ದು ಸರಿಯಿದೆ, ಆದರೆ ಅದನ್ನು ಹೊರಡುವ ಮುನ್ನ, ಟೈರ್ ತಣ್ಣಗಿರುವಾಗಲೇ ನೋಡಬೇಕು.