ಬೋಟಿನ ಮೇಲೆ ಬೆತ್ತಲೆ, ಸೇತುವೆ ಬಂದರೆ ಪಂಚೆ

ಮೊದಲು ಕಾನೂನು ಹೇಳಿಬಿಡುತ್ತೇನೆ, ಯಾಕಂದ್ರೆ ನಾವು ಬೇಸಿಗೆಯಲ್ಲಿ ಬೋಟಿನ ಮೇಲೆ ಬೆತ್ತಲೆ ಇರುತ್ತೇವೆ ಅನ್ನುವ ವಿಷಯ ಕಿವಿಗೆ ಬಿದ್ದ ತಕ್ಷಣ ಎಲ್ಲರೂ ಕೇಳುವುದು ಅದನ್ನೇ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮೈಮೇಲೆ ಬಟ್ಟೆ ಇಲ್ಲ ಅನ್ನುವುದೊಂದೇ ಅಪರಾಧ ಆಗುವುದಿಲ್ಲ. 2003ರ ಲೈಂಗಿಕ ಅಪರಾಧಗಳ ಕಾಯ್ದೆಯ 66ನೇ ಸೆಕ್ಷನ್ ಹಿಡಿಯುವುದು ಬೇರೆ ಥರದವರನ್ನ: ಎದುರಿನವರು ನೋಡಲಿ, ನೋಡಿ ಗಾಬರಿಯಾಗಲಿ ಇಲ್ಲಾ ನೊಂದುಕೊಳ್ಳಲಿ ಅಂತಲೇ ಬಿಚ್ಚಿ ತೋರಿಸುವವರನ್ನ. ಇನ್ನು 1986ರ ಪಬ್ಲಿಕ್ ಆರ್ಡರ್ ಕಾಯ್ದೆ ಇದೆ, ಬೇರೆಯವರಿಗೆ ಕಿರುಕುಳ ಆಗುವ ಹಾಗೆ ಆಡಿದರೆ ಅದರಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ನಿಮ್ಮ ಪಾಡಿಗೆ ನೀವು ಸುಮ್ನೆ ಬಿಸಿಲು ಕಾಯಿಸಿಕೊಂಡು ಕೂತಿದ್ದರೆ ಕೇಸು ಹಾಕೋಕೆ ಅಲ್ಲಿ ಏನೂ ಇಲ್ಲ. ಸ್ಕಾಟ್ಲೆಂಡಿನ ಕಥೆ ಬೇರೆ, ಅಲ್ಲಿಗೆ ಆಮೇಲೆ ಬರುತ್ತೇನೆ.

ಈಗ ವಿಷಯ. ಬೇಸಿಗೆಯಲ್ಲಿ ನಾನೂ ನಮ್ಮನೆಯವರೂ ಇಂಗ್ಲೆಂಡಿನ ಕಾಲುವೆಗಳಲ್ಲಿ ನ್ಯಾರೋಬೋಟಿನಲ್ಲಿ ಓಡಾಡುತ್ತೇವೆ. ಜನ ಇಲ್ಲದ ಕಡೆ ಬಟ್ಟೆ ಹಾಕಿಕೊಳ್ಳುವುದಿಲ್ಲ. ಅಷ್ಟೇ ಕಣ್ರಪ್ಪಾ. ನಾನು ಮೈಸೂರಿನವಳು, ಐವತ್ತು ದಾಟಿದೆ, ಲೆಸ್ಟರ್‌ನಲ್ಲಿ ಮನೆ, ಮಂಡಿ ನೋವು ಇದೆ, ಸಿಸೇರಿಯನ್ ಗುರುತು ಇದೆ. ಯಾವ ಕ್ರಾಂತಿಯನ್ನೂ ಮಾಡುತ್ತಿಲ್ಲ. ಈ ಅಭ್ಯಾಸ ಹಚ್ಚಿದ್ದು ನಮ್ಮನೆಯವರ ಜೊತೆ ಕೆಲಸ ಮಾಡಿ ರಿಟೈರ್ ಆದ ಒಬ್ಬರು ಇಂಗ್ಲಿಷ್ ಸ್ನೇಹಿತರು. ಗಂಡ ಹೆಂಡತಿ ಇಬ್ಬರೂ ಮನೆ ಮಾರಿ ಬೋಟಿನಲ್ಲೇ ವಾಸ ಇದ್ದಾರೆ. ಖಾಯಂ ನಿಲ್ಲಿಸೋಕೆ ಜಾಗ ಇಲ್ಲದವರು ಒಂದೇ ಕಡೆ 14 ದಿನಕ್ಕಿಂತ ಜಾಸ್ತಿ ನಿಲ್ಲುವ ಹಾಗಿಲ್ಲ, ಹಾಗಾಗಿ ವರ್ಷವಿಡೀ ಸುತ್ತುತ್ತಲೇ ಇರುತ್ತಾರೆ. ಅವರು ಮಗನ ಮನೆಗೆ ಹೋದಾಗ ಬೋಟಿನ ಬೀಗದ ಕೈ ನಮಗೆ ಕೊಡುತ್ತಾರೆ.

ನ್ಯಾರೋಬೋಟ್ ನೋಡದವರಿಗೆ ಸ್ವಲ್ಪ ಹೇಳಬೇಕು. ಅಗಲ 6 ಅಡಿ 10 ಇಂಚು. ಯಾಕಂದ್ರೆ ಹದಿನೆಂಟನೇ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿ ಅನ್ನುವ ಎಂಜಿನಿಯರ್ ಕಾಲುವೆ ತೋಡಿಸುವಾಗ ಲಾಕ್‌ಗಳನ್ನ (ಬೋಟನ್ನ ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ, ಗೇಟು ಇರುವ ಕಟ್ಟೆಗಳು) ಸುಮಾರು 7 ಅಡಿ ಅಗಲಕ್ಕೆ ಕಟ್ಟಿಸಿದ. ಬೋಟು ಇವತ್ತಿಗೂ ಅದೇ ಅಳತೆಯಲ್ಲಿ ಇರಲೇಬೇಕು. ಉದ್ದ 70 ಅಡಿವರೆಗೂ ಇರುತ್ತದೆ, ನಮ್ಮ ಸ್ನೇಹಿತರದ್ದು 57 ಅಡಿ, ಅಷ್ಟಿದ್ದರೆ ಹೆಚ್ಚುಕಮ್ಮಿ ಎಲ್ಲ ಕಾಲುವೆಗೂ ಹಿಡಿಸುತ್ತದೆ. (ಗೊಮ್ಮಟನೂ 57 ಅಡಿ ಅಂತಲೇ ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದು. ಬೆತ್ತಲೆ ವಿಷಯ ಬಂದರೆ ಆ ಅಂಕಿ ಕನ್ನಡದವರನ್ನ ಬಿಡುವುದಿಲ್ಲ ಅಂತ ಕಾಣುತ್ತೆ.) ಒಳಗೆ ಅಡುಗೆಮನೆ, ಹಾಸಿಗೆ, ಸ್ನಾನದ ಜಾಗ, ಸೌದೆ ಒಲೆ, ಎಲ್ಲಾ ರೈಲು ಡಬ್ಬಿಯ ಹಾಗೆ ಸಾಲಾಗಿ. ಎದುರಿನಿಂದ ಒಬ್ಬರು ಬಂದರೆ ಇನ್ನೊಬ್ಬರು ಗೋಡೆಗೆ ಅಂಟಿಕೊಂಡು ಜಾಗ ಬಿಡಬೇಕು.

ಬಟ್ಟೆ ಬೇಡ ಅನ್ನುವವರಿಗೆ ಈ ಬೋಟು ಹೇಳಿ ಮಾಡಿಸಿದ ಹಾಗಿದೆ, ಅದು ಹೇಗೆ ಅಂದ್ರೆ ಕಾಲುವೆಯಲ್ಲಿ ನಡೆಯುವ ದಾರಿ ಸಾಮಾನ್ಯವಾಗಿ ಒಂದೇ ದಡದಲ್ಲಿ. ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ದಾರಿ ಅದು, ಟೋಪಾತ್ ಅನ್ನುತ್ತಾರೆ. ಆ ಕಡೆ ದಡ ಯಾರದೋ ಹೊಲ, ಬೇಲಿ, ಪೊದೆ, ಹಸು. ಟೋಪಾತ್ ಕಡೆಯ ಕಿಟಕಿಗಳಿಗೆ ಪರದೆ ಎಳೆದು, ನೀರಿನ ಕಡೆಯ ಸಣ್ಣ ಬಾಗಿಲು ತೆಗೆದರೆ ಮುಗಿಯಿತು. ಬೆಳಗ್ಗೆ ಕಾಫಿ ಲೋಟ ಹಿಡಿದು ಆ ಬಾಗಿಲಲ್ಲಿ ನಿಂತರೆ ಬಿಸಿಲು ಹೊಟ್ಟೆ ಮೇಲೆ ಬೀಳುತ್ತೆ, ನೀರಿಗೂ ನಿಮಗೂ ಮಧ್ಯೆ ಒಂದು ಮೊಳ. ಎದುರು ದಡದಲ್ಲಿ ಕರುಗಳು ಸಾಲಾಗಿ ನಿಂತು ನೋಡುತ್ತವೆ. ಅವುಗಳಿಗೆ ಅಭ್ಯಂತರ ಇಲ್ಲ.

ಹಿಂಭಾಗ ಕೂಡ ನೋಡಿ. ಬಾಡಿಗೆಗೆ ಕೊಡುವ ಬೋಟುಗಳಲ್ಲಿ ಚುಕ್ಕಾಣಿ ಹಿಡಿಯುವ ಜಾಗ ಸಾಮಾನ್ಯವಾಗಿ ದೊಡ್ಡದಾಗಿ ಬಯಲಾಗಿರುತ್ತೆ. ಹಳೇ ಮಾದರಿಯ ಬೋಟಿನಲ್ಲಿ ಹಾಗಲ್ಲ, ಬಾಗಿಲ ಒಳಗೆ ಮೆಟ್ಟಿಲ ಮೇಲೆ ನಿಂತುಕೊಂಡು ನಡೆಸಬಹುದು, ಎರಡೂ ಕಡೆ ಗೋಡೆ ಇರುತ್ತೆ. ಹೊರಗಿನವರಿಗೆ ಕಾಣುವುದು ಎದೆಯಿಂದ ಮೇಲೆ. ಗಂಡಸು ಬರಿಮೈಯಲ್ಲಿ ಬೋಟ್ ಓಡಿಸುತ್ತಿದ್ದರೆ ಯಾರೂ ತಿರುಗಿ ನೋಡುವುದಿಲ್ಲ. ನಮ್ಮನೆಯವರು ಟೋಪಿ, ಕನ್ನಡಕ ಹಾಕಿಕೊಂಡು ಬಹಳ ಗಂಭೀರವಾಗಿ ದಾರಿಹೋಕರಿಗೆ ಗುಡ್ ಮಾರ್ನಿಂಗ್ ಹೇಳುತ್ತಾ ಹೋಗುತ್ತಾರೆ. ಕೆಳಗೆ ಏನಿಲ್ಲ ಅನ್ನುವುದು ನನಗೆ ಮತ್ತು ಎಂಜಿನ್‌ಗೆ ಮಾತ್ರ ಗೊತ್ತು.

ಈ ಅನುಕೂಲ ನನಗೆ ಇಲ್ಲ, ಅದು ನಿಮಗೂ ಗೊತ್ತು. ಇಲ್ಲಿ ಒಂದು ಮಾತು ಹೇಳಲೇಬೇಕು. ಗಂಡಸರಿಗೆ ಇದು ಒಂದು ತುಂಡು ಬಟ್ಟೆಯ ಪ್ರಶ್ನೆ. ನಮ್ಮಪ್ಪ ಬೇಸಿಗೆ ಪೂರ್ತಿ ಮನೆಯಲ್ಲಿ ಒಂದು ಪಂಚೆ ಸುತ್ತಿಕೊಂಡು ಬರಿಮೈಯಲ್ಲಿ ಪೇಪರ್ ಓದುತ್ತಿದ್ದರು, ಬೀದಿಯವರೆಲ್ಲ ನೋಡುತ್ತಿದ್ದರು. ಉಡುಪಿ ಮಠದೊಳಗೆ ಹೋಗಬೇಕಾದರೆ ಗಂಡಸರು ಅಂಗಿ ಬಿಚ್ಚಲೇಬೇಕು. ಅದೇ ಮನೆಯಲ್ಲಿ ನಮ್ಮಮ್ಮ ಮೇ ತಿಂಗಳ ಸೆಕೆಯಲ್ಲಿ, ಒಲೆ ಮುಂದೆ, ಸೀರೆ ಕುಪ್ಪಸ ಒಳಲಂಗ ಎಲ್ಲಾ ಸೇರಿಸಿ ಬೆವರುತ್ತಿದ್ದಳು. ಸೆರಗು ಸ್ವಲ್ಪ ಜಾರಿದರೆ ಅಜ್ಜಿ ಕೆಮ್ಮುತ್ತಿದ್ದಳು. ಹಾಗೆ ಬೆಳೆದ ನನಗೆ, ಗಾಳಿ ಒಂದು ಸಲ ಬೆನ್ನ ಮೇಲಿಂದ ಕೆಳಗೆ ಅಡ್ಡಿಯಿಲ್ಲದೆ ಹಾದುಹೋದಾಗ ಏನನ್ನಿಸಿತು ಅಂತ ಬರೆಯೋದು ಕಷ್ಟ. ಹೆಂಗಸರಿಗೆ ಅರ್ಥ ಆಗುತ್ತೆ. ಇದರಲ್ಲಿ ಶೃಂಗಾರ ಗಿಂಗಾರ ಏನೂ ಇಲ್ಲ. ಎರಡನೇ ದಿನಕ್ಕೆ ನಮ್ಮನೆಯವರು ನನ್ನ ಕಡೆ ನೋಡದೆ, ಸಾರಿಗೆ ಉಪ್ಪು ಕಮ್ಮಿ ಅಂದರು.

ಸಾರು ಅಂದ ಮೇಲೆ ಹೇಳಿಬಿಡುತ್ತೇನೆ, ಒಗ್ಗರಣೆ ಹಾಕುವಾಗ ಏಪ್ರನ್ ಕಟ್ಟಿಕೊಳ್ಳಿ. ಸಾಸಿವೆಗೆ ಯಾವ ಸಿದ್ಧಾಂತವೂ ಇಲ್ಲ. ಕೂರುವಾಗ ನಿಮ್ಮ ನಿಮ್ಮ ಟವೆಲ್ ಹಾಸಿಕೊಂಡೇ ಕೂರಬೇಕು, ಇದು ಬೆತ್ತಲೆ ಇರುವವರು ಎಲ್ಲೇ ಸೇರಲಿ ಪಾಲಿಸುವ ನಿಯಮ, ನಮ್ಮ ಮಡಿಗಿಂತ ಕಟ್ಟುನಿಟ್ಟು. ಬಿಸಿಲಲ್ಲಿ ಬೋಟಿನ ಚಾವಣಿ ದೋಸೆ ಕಾವಲಿಯ ಹಾಗೆ ಕಾದಿರುತ್ತೆ, ಪೂರ್ತಿ ಉಕ್ಕು, ಸುಮ್ನೆ ಹತ್ತಿ ಕೂರೋಕೆ ಹೋಗಬೇಡಿ. ದಡದಲ್ಲಿ ನೆಟಲ್ ಗಿಡ ಸೊಂಟದೆತ್ತರ ಬೆಳೆದಿರುತ್ತೆ, ಮುಟ್ಟಿದರೆ ಚುರುಚುರು. ಹಾರ್ಸ್‌ಫ್ಲೈ ಅನ್ನುವ ನೊಣ ಕಚ್ಚಿದರೆ ಆಲೂಗಡ್ಡೆ ಬೋಂಡಾದಷ್ಟು ಊದುತ್ತೆ. ಕಂದು ಚರ್ಮಕ್ಕೂ ಸನ್‌ಸ್ಕ್ರೀನ್ ಬೇಕು. ಮತ್ತೆ ಕಾಲುವೆ ನೀರಿಗೆ ಇಳಿಯೋದು ಬೇಡ, ಇಲಿಜ್ವರ ಬರಬಹುದು, ಲಾಕ್‌ಗಳ ಹತ್ತಿರ ಪ್ರಾಣಕ್ಕೇ ಅಪಾಯ.

ಲಾಕ್ ಬಂತು ಅಂದರೆ ನಾವು ಬಟ್ಟೆ ಹಾಕಿಕೊಳ್ಳುತ್ತೇವೆ, ಅದರಲ್ಲಿ ಎರಡು ಮಾತಿಲ್ಲ. ಲಾಕ್ ಅಂದರೆ ನೀರಿನ ಮೆಟ್ಟಿಲು. ಒಬ್ಬರು ದಡಕ್ಕೆ ಇಳಿದು ಹ್ಯಾಂಡಲ್ ತಿರುಗಿಸಿ ನೀರು ಬಿಡಬೇಕು, ಆಮೇಲೆ ಆ ಭಾರದ ಮರದ ತೊಲೆಗೆ ಬೆನ್ನು ಕೊಟ್ಟು ಗೇಟು ನೂಕಬೇಕು. ಅಲ್ಲಿ ನೋಡೋಕೆ ಜನ ಸೇರುತ್ತಾರೆ, ಐಸ್‌ಕ್ರೀಂ ತಿನ್ನುತ್ತಾ ನಿಲ್ಲುತ್ತಾರೆ, ಮಕ್ಕಳಿರುತ್ತಾರೆ. ಅದಕ್ಕೇ ನಮಗೆ ಆಶ್ಬಿ ಕಾಲುವೆ ಇಷ್ಟ: 22 ಮೈಲಿ, ಲಾಕ್‌ಗಳೇ ಇಲ್ಲ ಅನ್ನಬಹುದು, ಹಿಂಕ್ಲಿ ದಾಟಿದ ಮೇಲೆ ಬರೀ ಹೊಲ. ಇನ್ನೊಂದು ಆಕ್ಸ್‌ಫರ್ಡ್ ಕಾಲುವೆಯ ದಕ್ಷಿಣದ ಭಾಗ. ನ್ಯಾಪ್ಟನ್ ಲಾಕ್‌ಗಳನ್ನ ಹತ್ತಿದ ಮೇಲೆ ಸುಮಾರು 11 ಮೈಲಿ ಒಂದೇ ಮಟ್ಟ. ಬ್ರಿಂಡ್ಲಿಯ ಲೆಕ್ಕಾಚಾರ ಏನಂದ್ರೆ ಗುಡ್ಡ ಕಡಿಯೋದು ಖರ್ಚು, ಅದರ ಸೊಂಟ ಸುತ್ತಿಕೊಂಡು ಹೋಗೋಣ ಅಂತ. ಹಾಗಾಗಿ ಆ ಕಾಲುವೆ ವರ್ಮ್‌ಲೇಟನ್ ಹತ್ತಿರ ಸುತ್ತಿ ಸುತ್ತಿ, ಬಂದ ದಿಕ್ಕಿಗೇ ತಿರುಗಿ ಹೋಗುತ್ತೆ. ನಮಗೆ ಅದರಿಂದ ಲಾಭ ಇದೆ. ಇನ್ನು ಹತ್ತು ನಿಮಿಷಕ್ಕೆ ಎದುರಾಗುವ ಬೋಟು ಈಗಲೇ ಹೊಲದ ಆಚೆ, ಬೇಲಿಯ ಮೇಲೆ ತೇಲಿದ ಹಾಗೆ ಕಾಣುತ್ತೆ. ಕುರಿಗಳ ಮಧ್ಯೆ ಒಂದು ಕೆಂಪು ಛತ್ರಿ, ಅದರ ಕೆಳಗೆ ಚುಕ್ಕಾಣಿ ಹಿಡಿದ ಒಬ್ಬ ಅಜ್ಜ, ನಿಧಾನವಾಗಿ ಎಡಕ್ಕೆ ಹೋಗುತ್ತಿದ್ದಾನೆ. ಪಂಚೆ ಸುತ್ತಿಕೊಳ್ಳೋಕೆ, ಬೇಕಾದರೆ ನೆರಿಗೆ ಹಿಡಿದು ಕಚ್ಚೆ ಹಾಕೋಕೂ ಟೈಮಿದೆ.

ಟೈಮು ಕೊಡದವರು ಅಂದರೆ ಮೀನು ಹಿಡಿಯುವವರು. ಹಸಿರು ಜರ್ಕಿನ್, ಹಸಿರು ಛತ್ರಿ, ಮರದ ಕೆಳಗೆ ಉಸಿರೂ ಕೇಳಿಸದ ಹಾಗೆ ಕೂತಿರುತ್ತಾರೆ. ಇನ್ನು ನಾಯಿ ಕರಕೊಂಡು ಬರುವವರು. ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ, ನಿಂತ ಬೋಟುಗಳನ್ನ ದಾಟುವಾಗ ಇನ್ನೂ ಕಮ್ಮಿ, ಅಂದರೆ ಮನುಷ್ಯರು ನಡೆಯುವಷ್ಟೇ. ಒಮ್ಮೆ ಒಬ್ಬರು ಅಜ್ಜಿ, ಜೊತೆಗೆ ಮೂರು ಕಾಲಿನ ಒಂದು ಕಂದು ನಾಯಿ, ಸರಿಯಾಗಿ ನಮ್ಮ ಪಕ್ಕಪಕ್ಕಕ್ಕೇ ನಡೆದುಕೊಂಡು ಬಂದರು. ನಾವು ಮುಂದೆ ಹೋಗೋ ಹಾಗಿಲ್ಲ, ಅವರು ಹಿಂದೆ ಬೀಳಲಿಲ್ಲ. ನಾನು ನೈಟಿ ಹಾಕಿಕೊಂಡು ಮುಂದೆ ಕೂತಿದ್ದೆ, ಅವರು ಭಾರತದ ಬಗ್ಗೆ, ಮಾವಿನಹಣ್ಣಿನ ಬಗ್ಗೆ, ತಮ್ಮ ಸೊಂಟದ ಆಪರೇಷನ್ ಬಗ್ಗೆ ಎಲ್ಲಾ ಮಾತಾಡಿದರು. ಚೆನ್ನಾಗಿತ್ತು. ಆ ಹೊತ್ತಿಗೆ ಬಟ್ಟೆ ಹಾಕಿದ್ದರಿಂದ ನನ್ನ ಸ್ವಾತಂತ್ರ್ಯ ಏನೂ ಹೋಗಲಿಲ್ಲ, ಬೆತ್ತಲೆ ಇದ್ದಿದ್ದರೆ ಆ ಮಾತು ನಡೆಯುತ್ತಿರಲಿಲ್ಲ ಅಷ್ಟೆ.

ನಮ್ಮ ಬೋಟಿನಲ್ಲಿ ಇರುವ ನಿಯಮ ಇಷ್ಟೇ, ಸೇತುವೆ ಬಂದರೆ ಪಂಚೆ. ಕಾಲುವೆ ಮೇಲಿನ ಆ ಇಟ್ಟಿಗೆ ಸೇತುವೆಗಳಿಗೆಲ್ಲ ನಂಬರ್ ಇರುತ್ತೆ, ಮ್ಯಾಪ್‌ನಲ್ಲಿ ಮೊದಲೇ ಗೊತ್ತಾಗುತ್ತೆ. ಅಲ್ಲಿ ಬಗ್ಗಿ ನೋಡುವವರಿಗೆ ಬೋಟಿನ ಒಳಗೆಲ್ಲ ಕಾಣುತ್ತೆ. "ಸೇತುವೆ ಕಣೇ" ಅಂತ ನಮ್ಮನೆಯವರು ಹಿಂದಿನಿಂದ ಕೂಗುತ್ತಾರೆ, "ಆಯ್ತು ರೀ, ನಿಮ್ದು ನೋಡ್ಕೊಳ್ಳಿ" ಅಂತ ನಾನು.

ಇಲ್ಲಿಗೆ ನನ್ನ ಅಭಿಪ್ರಾಯ ಬರುತ್ತೆ, ಕೆಲವರಿಗೆ ಹಿಡಿಸಲ್ಲ. ಬೆತ್ತಲೆ ಇರುವವರಲ್ಲೇ ಒಂದು ಗುಂಪು ಹೇಳುತ್ತೆ, ತಪ್ಪಲ್ಲ ಅಂದ ಮೇಲೆ ಯಾಕೆ ಮುಚ್ಚಿಕೊಳ್ಳಬೇಕು, ಮುಚ್ಚಿಕೊಂಡರೆ ನಾಚಿಕೆ ಒಪ್ಪಿಕೊಂಡ ಹಾಗಲ್ವಾ ಅಂತ. ಅವರ ಧೈರ್ಯದ ಬಗ್ಗೆ ನನಗೆ ಮರ್ಯಾದೆ ಇದೆ. 1980ರಲ್ಲಿ ಬ್ರೈಟನ್ ಸಮುದ್ರ ತೀರದಲ್ಲಿ ಬೆತ್ತಲೆ ಇರುವವರಿಗೆ ಅಂತಲೇ ಒಂದು ಜಾಗ ಬಿಟ್ಟುಕೊಟ್ಟಾಗ ಊರಲ್ಲಿ ಎಷ್ಟು ಗಲಾಟೆ ಆಗಿತ್ತು ಅಂತ ಇಲ್ಲಿನ ಹಿರಿಯರು ಹೇಳುತ್ತಾರೆ. ಯಾರಾದರೂ ಎದುರು ನಿಂತು ಕೇಳಿದ್ದಕ್ಕೇ ನಮಗೆ ಇವತ್ತು ಇಷ್ಟು ಸಲೀಸು. ಆದರೆ ಸ್ಟೀಫನ್ ಗಫ್ ಥರ ನಾನು ಆಗಲಾರೆ. ಹಿಂದೆ ಸೈನ್ಯದಲ್ಲಿದ್ದ ಮನುಷ್ಯ, ಬೂಟು, ಟೋಪಿ, ಬೆನ್ನ ಮೇಲೊಂದು ಚೀಲ, ಅಷ್ಟೇ ಹಾಕಿಕೊಂಡು 2003-04ರಲ್ಲಿ ಬ್ರಿಟನ್ನಿನ ಈ ತುದಿಯಿಂದ ಆ ತುದಿಗೆ ನಡೆದ. ಸ್ಕಾಟ್ಲೆಂಡಿನಲ್ಲಿ ಮತ್ತೆ ಮತ್ತೆ ಹಿಡಿದರು, ಕೋರ್ಟಿಗೂ ಹಾಗೇ ಬಂದ, ಜೈಲಿನಿಂದ ಹಾಗೇ ಹೊರಬಂದು ಮತ್ತೆ ಸಿಕ್ಕಿಬಿದ್ದ, ಒಟ್ಟು ವರ್ಷಗಟ್ಟಲೆ ಒಳಗೇ ಕಳೆದ. 2014ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಅವನ ಪರ ತೀರ್ಪು ಕೊಡಲಿಲ್ಲ. ಹಟ ಅಂದರೆ ಅದು. ಅಷ್ಟು ಕಠಿಣ ಶಿಕ್ಷೆ ಕೊಟ್ಟಿದ್ದು ತಪ್ಪು ಅಂತಲೇ ನನಗೆ ಅನ್ನಿಸುತ್ತೆ. ಆದರೂ ದಾರಿಯಲ್ಲಿ ಸಿಗುವ ಒಬ್ಬೊಬ್ಬರ ಒಪ್ಪಿಗೆಯನ್ನೂ ಕೇಳದೆ ನನ್ನ ಮೈಯನ್ನ ಅವರ ಬೆಳಗಿನ ವಾಕಿಂಗಿಗೆ ಸೇರಿಸುವ ಹಕ್ಕು ನನಗಿದೆಯಾ? ಇಲ್ಲ ಅಂತ ನನ್ನ ಲೆಕ್ಕ. ನಾಚಿಕೆಯಿಂದ ಮುಚ್ಚಿಕೊಳ್ಳೋದು ಒಂದು, ಎದುರಿಗಿರುವವರ ಮುಜುಗರ ನೋಡಿ ಮುಚ್ಚಿಕೊಳ್ಳೋದು ಇನ್ನೊಂದು. ನಾನು ಎರಡನ್ನೂ ಮಾಡಿದ್ದೇನೆ, ಮೈಸೂರಿನಲ್ಲಿ ಮೊದಲನೆಯದು, ಆಶ್ಬಿ ಕಾಲುವೆಯಲ್ಲಿ ಎರಡನೆಯದು, ಹಾಕಿಕೊಂಡಿದ್ದು ಅದೇ ನೈಟಿ ಆದರೂ.

ನಮ್ಮವರು ಎರಡು ಥರ ಮಾತಾಡುತ್ತಾರೆ. ಒಬ್ಬರು, ಥೂ, ವಯಸ್ಸಾದ ಮೇಲೆ ಇದೇನು. ಅವರಿಗೆ ಉತ್ತರ ಇಲ್ಲ, ಯುಗಾದಿ ಊಟದ ಪಂಕ್ತಿಯಲ್ಲಿ ಪಕ್ಕ ಕೂತಾಗ ಒಬ್ಬಟ್ಟು ಬಡಿಸುತ್ತೇನೆ. ಇನ್ನೊಬ್ಬರು ಜಾಸ್ತಿ ಓದಿಕೊಂಡವರು, ತಕ್ಷಣ ಅಕ್ಕಮಹಾದೇವಿ, ಬಾಹುಬಲಿ, ದಿಗಂಬರ ಮುನಿಗಳು ಎಲ್ಲರನ್ನೂ ನನ್ನ ಬೋಟಿಗೆ ಹತ್ತಿಸಿಬಿಡುತ್ತಾರೆ. ದಯವಿಟ್ಟು ಬೇಡಿ. ಅವರು ಎಲ್ಲವನ್ನೂ ಬಿಟ್ಟು ಹೋದವರು. ನಾನು ಬಟ್ಟೆ ಬಿಟ್ಟು ಬಿಸ್ಕತ್ತು, ಕಾಫಿ, ರೇಡಿಯೋ ಎಲ್ಲಾ ಇಟ್ಟುಕೊಂಡವಳು. ನನ್ನದು ವೈರಾಗ್ಯ ಅಲ್ಲ, ಸುಖ. ಬೆತ್ತಲೆ ಅಂದರೆ ಸ್ವಾತಂತ್ರ್ಯ ಅಂತ ಭಾಷಣ ಮಾಡುವವರಿಗೂ ಒಂದು ಮಾತು. ನಮ್ಮ ಚಂದ್ರಗುತ್ತಿ ನೆನಪಿದೆಯಾ? ಹರಕೆ ಹೆಸರಲ್ಲಿ ಹೆಂಗಸರು ಸಾವಿರಾರು ಜನರ ಕಣ್ಣೆದುರು ಬೆತ್ತಲೆ ನಡೆದು ಗುಡಿಗೆ ಹೋಗಬೇಕಿತ್ತು. 1986ರಲ್ಲಿ ಅದನ್ನ ತಡೆಯೋಕೆ ಹೋದವರನ್ನ, ಪೊಲೀಸರನ್ನ ಹಿಡಿದು ಬಟ್ಟೆ ಕಿತ್ತು ಹೊಡೆದರು, ಆಮೇಲೆ ಸರ್ಕಾರ ನಿಷೇಧ ಹಾಕಿತು. ಅಲ್ಲೂ ಬೆತ್ತಲೆ, ಇಲ್ಲೂ ಬೆತ್ತಲೆ. ಯಾವಾಗ ಬಿಚ್ಚಬೇಕು, ಯಾರೆದುರು, ಯಾವಾಗ ಮತ್ತೆ ಹಾಕಿಕೊಳ್ಳಬೇಕು ಅನ್ನುವುದು ನನ್ನ ಕೈಯಲ್ಲಿದ್ದರೆ ಮಾತ್ರ ನನಗೆ ಇದು ಬೇಕು.

ಹಾಗಂತ ಊರಿಗೆ ಬಂದಾಗ ಇದನ್ನ ಮಾಡೋಕೆ ಹೋಗಬೇಡಿ. ಕೇರಳದ ಅಲಪ್ಪುಳದ ಹೌಸ್‌ಬೋಟ್ ಆಗುತ್ತಾ ಅಂತ ಒಬ್ಬ ಗೆಳತಿ ಕೇಳಿದಳು. ಆಗಲ್ಲ ಕಣೇ. ಅಲ್ಲಿ ಬೋಟು ನೀನು ಓಡಿಸಲ್ಲ, ಡ್ರೈವರ್ ಇರುತ್ತಾನೆ, ಅಡುಗೆಯವನಿರುತ್ತಾನೆ, ಅವರು ಸಂಬಳಕ್ಕೆ ಬಂದಿರೋದು ನಿನ್ನ ಪ್ರಯೋಗ ನೋಡೋಕಲ್ಲ. ಮೇಲಾಗಿ ಹಳೇ ಐಪಿಸಿಯ 294, ಈಗ ಭಾರತೀಯ ನ್ಯಾಯ ಸಂಹಿತೆಯ 296, ಸಾರ್ವಜನಿಕ ಜಾಗದಲ್ಲಿ ಬೇರೆಯವರಿಗೆ ಕಿರಿಕಿರಿ ಆಗುವ ಅಶ್ಲೀಲ ವರ್ತನೆಗೆ ಮೂರು ತಿಂಗಳವರೆಗೆ ಜೈಲು. ಅಶ್ಲೀಲ ಯಾವುದು ಅಂತ ತೀರ್ಮಾನ ಮಾಡುವವರು ದಡದಲ್ಲಿ ಮೊಬೈಲ್ ಹಿಡಿದು ನಿಂತಿರುತ್ತಾರೆ.

ಮೊಬೈಲ್ ಅಂದಾಗ, ಇಲ್ಲ, ಫೋಟೋ ಇಲ್ಲ. ಬೋಟಿನ ಫೋಟೋ ಬೇಕಾದರೆ ಹಾಕುತ್ತೇನೆ, ಗುಲಾಬಿ ಹೂವು ಬಿಡಿಸಿದ ನೀರಿನ ಕ್ಯಾನ್ ಚಾವಣಿ ಮೇಲಿದೆ, ಚೆನ್ನಾಗಿದೆ. ಇಲ್ಲಿ ಇರುವ ಸ್ನೇಹಿತರು ಒಂದು ವಾರಾಂತ್ಯ ಬರುತ್ತೇವೆ ಅಂದರೆ ಬನ್ನಿ, ನೆಂಟರಿದ್ದಾಗ ನಾವೂ ಪೂರ್ತಿ ಬಟ್ಟೆಯಲ್ಲೇ ಇರುತ್ತೇವೆ, ಗಾಬರಿ ಬೇಡ. ಮುಂದಿನ ಬೇಸಿಗೆಗೆ ನಮ್ಮನೆಯವರು ಡಿವೈಜಸ್‌ನ ಕೇನ್ ಹಿಲ್ ಹತ್ತಬೇಕು ಅಂತ ಹಟ ಹಿಡಿದಿದ್ದಾರೆ, ಒಂದರ ಹಿಂದೆ ಒಂದು 29 ಲಾಕ್. ಇಡೀ ದಿನ ಪ್ಯಾಂಟು ಹಾಕಿಕೊಂಡಿರಬೇಕು ರೀ ಅಂತ ಹೇಳಿದ್ದೇನೆ. ಯೋಚನೆ ಮಾಡುತ್ತಿದ್ದಾರೆ. ಗೇಟು ನೂಕೋಕೆ ಗಟ್ಟಿ ಬೆನ್ನಿನವರು ಯಾರಾದರೂ ಬರುವ ಹಾಗಿದ್ದರೆ ಈಗಲೇ ಹೇಳಿ, ಬಿಸಿಬೇಳೆಬಾತ್ ನನ್ನದು.